ಮರೆವಿನ ಕಾಯಿಲೆ ಇರುವವರಿಗೆ ಸೊಂಟದ ಕೀಲು ಬದಲಾವಣೆ: ಮನೆಯವರಿಗೊಂದು ಕೈಪಿಡಿ

ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ, ಬೌದ್ಧಿಕ ಅಸಾಮರ್ಥ್ಯ ಅಥವಾ ದೀರ್ಘಕಾಲದ ಮಾನಸಿಕ ಕಾಯಿಲೆ ಇರುವ ವ್ಯಕ್ತಿಗೆ ಸೊಂಟದ ಕೀಲು ಬದಲಿಸಬೇಕಾಗಿ ಬಂದಾಗ, ಶಸ್ತ್ರಚಿಕಿತ್ಸೆಯ ಆ ಒಂದೆರಡು ಗಂಟೆಯ ಬಗ್ಗೆ ಮನೆಯವರು ಪಡುವ ಆತಂಕದ ಅರ್ಧದಷ್ಟನ್ನೂ ಅದರ ಹಿಂದಿನ ಎರಡು ದಿನ ಹಾಗೂ ಮುಂದಿನ ಮೂರು ತಿಂಗಳ ಬಗ್ಗೆ ಪಡುವುದಿಲ್ಲ. ನಿಜವಾದ ಕಷ್ಟವಿರುವುದು ಅಲ್ಲಿಯೇ. ಬೇರೆ ರೋಗಿಗಳಿಗಾದರೆ ಆಸ್ಪತ್ರೆಯವರು ಒಂದು ಹಾಳೆ ಕೊಟ್ಟು, ನೆಲದ ಮೇಲೆ ಕೂರಬೇಡಿ, ಕಾಲಿನ ಮೇಲೆ ಕಾಲು ಹಾಕಬೇಡಿ, ಒಬ್ಬರೇ ಏಳಬೇಡಿ ಎಂದು ಹೇಳಿ ಕಳುಹಿಸುತ್ತಾರೆ. ಬೆಳಿಗ್ಗೆ ಹೇಳಿದ್ದು ತಿಂಡಿಯ ಹೊತ್ತಿಗೆ ಮರೆತುಹೋಗುವವರಿಗೆ ಆ ಹಾಳೆಯಿಂದ ಪ್ರಯೋಜನವಿಲ್ಲ. ಆದುದರಿಂದ ಇಡೀ ಚಿಕಿತ್ಸೆಯನ್ನು ರೋಗಿಗೆ ಏನೂ ನೆನಪಿರುವುದಿಲ್ಲ ಎಂಬ ಲೆಕ್ಕದಲ್ಲಿಯೇ ಯೋಜಿಸಬೇಕು; ಅವರು ನೆನಪಿಡಬೇಕಾದದ್ದನ್ನು ವೈದ್ಯರು ಆರಿಸುವ ಕೀಲು, ಮನೆಯ ವ್ಯವಸ್ಥೆ ಮತ್ತು ಹತ್ತಿರವಿರುವ ಮನುಷ್ಯ ವಹಿಸಿಕೊಳ್ಳಬೇಕು.

ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಸುಮಾರು ನೂರಕ್ಕೆ ಏಳು ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಇವರಲ್ಲಿ ಹೆಚ್ಚಿನವರು ಈ ಶಸ್ತ್ರಚಿಕಿತ್ಸೆಗೆ ಬರುವುದು ಸವೆದ ಕೀಲಿನಿಂದಲ್ಲ, ಬಿದ್ದು ಮೂಳೆ ಮುರಿದುಕೊಂಡು. ಹಾಗಾಗಿ ಅಲ್ಲಿಂದಲೇ ಆರಂಭಿಸುವುದು ಸರಿ.

ಬಿದ್ದ ದಿನ

ಮರೆವಿನ ಕಾಯಿಲೆ ಇರುವವರು ತಾವು ಬಿದ್ದದ್ದನ್ನೇ ಮರೆತಿರಬಹುದು. ಎಲ್ಲಿ ನೋವು ಎಂದು ಕೇಳಿದರೆ ಮಂಡಿಯನ್ನೋ ಹೊಟ್ಟೆಯನ್ನೋ ತೋರಿಸಬಹುದು. ಆದರೆ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಮುಖವಾಗಿ ತಿರುಗಿ ಮಲಗಿದ್ದರೆ, ಅಥವಾ ನಿನ್ನೆಯವರೆಗೆ ಓಡಾಡುತ್ತಿದ್ದವರು ಇಂದು ಕಾಲೂರಲು ಒಪ್ಪದಿದ್ದರೆ, ಬೇರೆ ಸಾಕ್ಷಿ ಸಿಗುವವರೆಗೆ ಅದನ್ನು ಸೊಂಟದ ಮುರಿತವೆಂದೇ ತಿಳಿಯಬೇಕು. ಎಣ್ಣೆ ಹಚ್ಚಿ ನೀವುವುದು, ನಾಟಿ ಕಟ್ಟು ಹಾಕಿಸುವುದು, ಎರಡು ದಿನ ನೋಡೋಣ ಎಂದು ಕಾಯುವುದು ಇವುಗಳಿಂದ ಹಾನಿಯೇ ಹೆಚ್ಚು, ಏಕೆಂದರೆ ಮುರಿತವಾದ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾದವರು ಚೇತರಿಸಿಕೊಳ್ಳುವ ಸಾಧ್ಯತೆ ತಡವಾದವರಿಗಿಂತ ಉತ್ತಮ. ಮೊದಲ ಎಕ್ಸ್‌ರೇಯಲ್ಲಿ ಮುರಿತ ಕಾಣದೇ ಇರುವುದೂ ಉಂಟು. ಕಾಲೂರಲು ಆಗುತ್ತಲೇ ಇಲ್ಲವೆಂದರೆ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಬೇಕೇ ಎಂದು ಕೇಳಬೇಕು.

ಮುರಿತ ಎಲ್ಲಿಯದು ಎಂಬುದನ್ನು ತಿಳಿದುಕೊಳ್ಳಿ. ತೊಡೆಮೂಳೆಯ ಕುತ್ತಿಗೆ, ಅಂದರೆ ಅದರ ಚೆಂಡಿನಂಥ ತಲೆಯ ಕೆಳಗಿನ ಸಪೂರ ಭಾಗ, ಮುರಿದು ಸರಿದಿದ್ದರೆ ಮೂಳೆಯ ತಲೆಗೆ ಹೋಗುವ ರಕ್ತನಾಳಗಳು ಹರಿದಿರುತ್ತವೆ, ಆ ತಲೆ ಮತ್ತೆ ಕೂಡಿಕೊಳ್ಳುವ ಭರವಸೆ ಕಡಿಮೆ. ಆದುದರಿಂದ ವಯಸ್ಸಾದವರಲ್ಲಿ ಅದನ್ನು ತೆಗೆದು ಕೃತಕ ಚೆಂಡನ್ನು ಕೂರಿಸುತ್ತಾರೆ. ಮುರಿತ ಅದಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ರಾಡ್ ಇಲ್ಲವೇ ಪ್ಲೇಟ್ ಹಾಕಿ ಜೋಡಿಸುತ್ತಾರೆ. ಆಗ ಕೀಲಿಗೆ ಸಂಬಂಧಿಸಿದ ಹಲವು ನಿರ್ಬಂಧಗಳ ಅಗತ್ಯವಿರುವುದಿಲ್ಲ.

ಈ ಹಂತದಲ್ಲಿ ಬಂಧುಗಳಲ್ಲಿ ಒಬ್ಬರಾದರೂ, ವಯಸ್ಸೂ ಆಯಿತು, ಬುದ್ಧಿಯೂ ಸ್ಥಿಮಿತದಲ್ಲಿಲ್ಲ, ಸುಮ್ಮನೆ ಏಕೆ ಕೊಯ್ಯಿಸಬೇಕು ಎನ್ನುತ್ತಾರೆ. ಈ ವಾದ ಹೊರನೋಟಕ್ಕೆ ಕರುಣೆಯಂತೆ ಕಂಡರೂ ಬಹಳ ಸಲ ಅದರ ಪರಿಣಾಮ ಕ್ರೂರವೇ. ಮುರಿದ ಸೊಂಟವನ್ನು ಹಾಗೆಯೇ ಬಿಟ್ಟರೆ ಡೈಪರ್ ಬದಲಿಸುವಾಗ, ಹೊರಳಿಸುವಾಗ, ಒರೆಸುವಾಗ ಪ್ರತಿಸಲವೂ ಮೂಳೆಯ ತುದಿಗಳು ಉಜ್ಜಿ ನೋಯುತ್ತವೆ. ಹಾಸಿಗೆ ಹುಣ್ಣು, ಶ್ವಾಸಕೋಶದ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಹಿಂಬಾಲಿಸುತ್ತವೆ. ಮತ್ತೆ ನಡೆಯುವ ನಿರೀಕ್ಷೆ ಇಲ್ಲದವರಿಗೂ ನೋವು ತಗ್ಗಿಸಲೆಂದೇ ಶಸ್ತ್ರಚಿಕಿತ್ಸೆ ಮಾಡುವುದುಂಟು. ಆದರೆ ಬಹುಕಾಲದಿಂದ ಹಾಸಿಗೆ ಹಿಡಿದು, ಅನ್ನ ನುಂಗುವುದನ್ನೂ ಮರೆತು, ಬದುಕಿನ ಕೊನೆಯ ವಾರಗಳಲ್ಲಿರುವವರ ವಿಷಯ ಬೇರೆ. ಅವರಿಗೆ ನರಕ್ಕೆ ಅರಿವಳಿಕೆ ಚುಚ್ಚುಮದ್ದು, ಮಾರ್ಫಿನ್ ಮತ್ತು ಉಪಶಾಮಕ ಆರೈಕೆಯನ್ನು ಆರಿಸುವುದು ನ್ಯಾಯವಾದ ದಾರಿಯೇ. ಆ ಮಾತನ್ನು ವೈದ್ಯರೊಂದಿಗೆ ಸಂಕೋಚವಿಲ್ಲದೆ ಆಡಬಹುದು.

ಒಪ್ಪಿಗೆ ಯಾರದು

ಕಾಯಿಲೆಯ ಹೆಸರಿದ್ದ ಮಾತ್ರಕ್ಕೆ ಒಬ್ಬರ ತೀರ್ಮಾನಿಸುವ ಸಾಮರ್ಥ್ಯ ಇಲ್ಲವಾಗುವುದಿಲ್ಲ. ನ್ಯಾಯಾಲಯ ಹಾಗೆಂದು ಘೋಷಿಸದ ಹೊರತು, ಮಾನಸಿಕ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ವ್ಯಕ್ತಿಯನ್ನು ಬುದ್ಧಿಸ್ವಾಸ್ಥ್ಯ ಇಲ್ಲದವರೆಂದು ಭಾವಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಸ್ಕಿಜೋಫ್ರೀನಿಯಾ ಇದ್ದು ಚಿಕಿತ್ಸೆಯಲ್ಲಿ ಸ್ಥಿರವಾಗಿರುವ ಬಹುಪಾಲು ಜನ ತಮ್ಮ ಸೊಂಟದ ಬಗ್ಗೆ ತಾವೇ ತೀರ್ಮಾನ ಮಾಡಬಲ್ಲರು. ಡಿಮೆನ್ಷಿಯಾದ ಆರಂಭದ ಹಂತದವರಿಗೂ ಬೆಳಗಿನ ಹೊತ್ತು, ನೋವಿಗೆ ಮದ್ದು ಕೊಟ್ಟ ಮೇಲೆ, ಗದ್ದಲವಿಲ್ಲದ ಕಡೆ, ಚಿಕ್ಕ ವಾಕ್ಯಗಳಲ್ಲಿ ವಿವರಿಸಿದರೆ ವಿಷಯ ಅರ್ಥವಾಗುವ ಸಾಧ್ಯತೆ ಹೆಚ್ಚು. ಅವರು ಅರ್ಥಮಾಡಿಕೊಳ್ಳಲಾರರು ಎಂದಾದರೆ ಅದನ್ನು ಕೇಸ್ ಶೀಟಿನಲ್ಲಿ ಬರೆಯಿಸಿ, ಹತ್ತಿರದ ಬಂಧು ಸಹಿ ಮಾಡುವುದು ನಮ್ಮ ಆಸ್ಪತ್ರೆಗಳಲ್ಲಿರುವ ರೂಢಿ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ವೈದ್ಯರು ಸಹಿಗಾಗಿ ಕಾಯಬೇಕಿಲ್ಲ.

ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಕ್ಕಳ ತಂದೆತಾಯಿಗಳು ಒಂದು ವಿಷಯವನ್ನು ಮುಂಚಿತವಾಗಿ ಮಾಡಿಟ್ಟುಕೊಳ್ಳಬೇಕು. ಮಗನಿಗೋ ಮಗಳಿಗೋ 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವದ ಪ್ರಮಾಣಪತ್ರ ಪಡೆದಿದ್ದರೆ ಆಸ್ಪತ್ರೆಯ ಕೌಂಟರಿನಲ್ಲಿ ವಾದ ಮಾಡುವ ಪ್ರಮೇಯ ಬರುವುದಿಲ್ಲ. ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ. ಡಿಮೆನ್ಷಿಯಾ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಕಾನೂನಿಗಿಂತ ಹೆಚ್ಚು ಸಮಯ ತಿನ್ನುವುದು ಒಡಹುಟ್ಟಿದವರ ನಡುವಿನ ಭಿನ್ನಾಭಿಪ್ರಾಯ. ಒಬ್ಬ ಮಗ ದಾವಣಗೆರೆಯಲ್ಲಿ, ಮಗಳು ಅಮೆರಿಕದಲ್ಲಿ ಇದ್ದರೆ, ಪ್ರತಿಯೊಬ್ಬರೂ ಬೇರೆಬೇರೆಯಾಗಿ ವೈದ್ಯರಿಗೆ ಫೋನು ಮಾಡುವ ಬದಲು ಎಲ್ಲರನ್ನೂ ಒಂದೇ ಕರೆಯಲ್ಲಿ ಕೂಡಿಸಿ, ಸಹಿ ಮಾಡುವವರು ಮತ್ತು ವೈದ್ಯರೊಂದಿಗೆ ಮಾತಾಡುವವರು ಇಂಥವರೇ ಎಂದು ಒಮ್ಮೆ ನಿಶ್ಚಯಿಸಿಬಿಡುವುದು ಮೇಲು.

ಶಸ್ತ್ರಚಿಕಿತ್ಸಕರೊಂದಿಗೆ ಮಾತಾಡುವಾಗ

ಚೆಂಡು ಮಾತ್ರ ಬದಲಿಸುವುದೋ, ಅದು ಕೂರುವ ಬಟ್ಟಲನ್ನೂ ಸೇರಿಸಿ ಪೂರ್ತಿ ಕೀಲು ಬದಲಿಸುವುದೋ ಎಂಬುದು ಮೊದಲ ಪ್ರಶ್ನೆ. ಪೂರ್ತಿ ಬದಲಾವಣೆ ಹೆಚ್ಚು ಬಾಳಿಕೆ ಬರುತ್ತದೆ, ಚೆನ್ನಾಗಿ ನಡೆದಾಡುವವರಿಗೆ ಅದರಿಂದ ಲಾಭವಿದೆ. ಆದರೆ ಚೆಂಡು ಬಟ್ಟಲಿನಿಂದ ಜಾರಿ ಕೀಲು ತಪ್ಪುವ ಅಪಾಯ ಅದರಲ್ಲಿ ಹೆಚ್ಚು. ನಿರ್ಬಂಧಗಳನ್ನು ನೆನಪಿಡಲಾರದ, ಮನೆಯೊಳಗಷ್ಟೇ ಓಡಾಡುವ ಹಿರಿಯರಿಗೆ ಚೆಂಡು ಮಾತ್ರ ಬದಲಿಸುವ ಅರೆ ಬದಲಾವಣೆಯೇ ಬಹುಪಾಲು ಸೂಕ್ತವಾಗುತ್ತದೆ. ದುಬಾರಿಯಾದದ್ದೇ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪೂರ್ತಿ ಬದಲಾವಣೆಯೇ ಬೇಕಾದರೆ, ಚೆಂಡಿನ ಮೇಲೆ ಇನ್ನೊಂದು ದೊಡ್ಡ ಚೆಂಡು ತಿರುಗುವ ಡ್ಯುಯಲ್ ಮೊಬಿಲಿಟಿ ಬಟ್ಟಲಿನ ಬಗ್ಗೆ ಕೇಳಬಹುದು. 1970ರ ದಶಕದಲ್ಲಿ ಫ್ರಾನ್ಸಿನ ಜಿಲ್ ಬುಸ್ಕೆ ಇದನ್ನು ರೂಪಿಸಿದ್ದೇ ಕೀಲು ತಪ್ಪುವುದನ್ನು ತಡೆಯಲು.

ಎರಡನೆಯದು ಕೀಲನ್ನು ಯಾವ ಕಡೆಯಿಂದ ತೆರೆಯುತ್ತಾರೆ ಎಂಬುದು. ಹಿಂಭಾಗದಿಂದ ತೆರೆದಾಗ ಕೀಲು ತಪ್ಪುವ ಸಂಭವ ಪಕ್ಕದಿಂದ ತೆರೆದಾಗಿನದಕ್ಕಿಂತ ಹೆಚ್ಚು. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಅರೆ ಬದಲಾವಣೆಗೆ ಪಕ್ಕದ ಮಾರ್ಗವನ್ನು ಪರಿಗಣಿಸಲು ಹೇಳಿ, ಚೆಂಡನ್ನು ಹೊತ್ತು ತೊಡೆಮೂಳೆಯೊಳಗೆ ಇಳಿಯುವ ಕಾಂಡವನ್ನು ಮೂಳೆಯ ಸಿಮೆಂಟಿನಿಂದ ಕೂರಿಸಲು ಸಲಹೆ ನೀಡುತ್ತದೆ. ಆದರೂ ವೈದ್ಯರ ಕೈ ಯಾವ ಮಾರ್ಗದಲ್ಲಿ ಪಳಗಿದೆಯೋ ಅದಕ್ಕೂ ಬೆಲೆಯಿದೆ. ಆಜ್ಞೆಯಂತೆ ಹೇಳದೆ, "ನಮ್ಮ ತಂದೆಗೆ ಯಾವ ನಿಯಮವೂ ನೆನಪಿರುವುದಿಲ್ಲ ಡಾಕ್ಟರೇ, ಅದನ್ನು ಗಮನದಲ್ಲಿಟ್ಟು ಯಾವುದು ಸರಿ ನೀವೇ ಹೇಳಿ" ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಪೂರ್ತಿ ಅರಿವಳಿಕೆ ಕೊಟ್ಟರೆ ಮರೆವು ಹೆಚ್ಚುತ್ತದೆ, ಬೆನ್ನಿಗೇ ಕೊಡಿಸಬೇಕು ಎಂಬ ಹಟ ಬೇಕಿಲ್ಲ. 2021ರಲ್ಲಿ ಪ್ರಕಟವಾದ ರೀಗೇನ್ ಎಂಬ ಅಧ್ಯಯನ ಅಮೆರಿಕ ಮತ್ತು ಕೆನಡಾದ 1,600 ಸೊಂಟ ಮುರಿತದ ರೋಗಿಗಳಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ, ಆಮೇಲಿನ ಮಾನಸಿಕ ಗೊಂದಲದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬದಲಿಗೆ, ಆಸ್ಪತ್ರೆಗೆ ಸೇರಿದ ಕೂಡಲೇ ತೊಡೆಯ ನರಕ್ಕೆ ನೋವು ತಡೆಯುವ ಚುಚ್ಚುಮದ್ದು ಸಿಗುತ್ತದೆಯೇ ಎಂದು ವಿಚಾರಿಸಿ. ಮಂಪರು ತರುವ ಮಾರ್ಫಿನ್‌ನಂಥ ಔಷಧಗಳ ಅಗತ್ಯವನ್ನು ಅದು ಕಡಿಮೆ ಮಾಡುತ್ತದೆ. ಉಪವಾಸದ ಬಗ್ಗೆಯೂ ಸ್ಪಷ್ಟವಾಗಿ ಕೇಳಿಕೊಳ್ಳಿ. ಸಾಮಾನ್ಯ ನಿಯಮದಂತೆ ಊಟಕ್ಕೆ ಆರು ಗಂಟೆ, ಬರೀ ನೀರಿಗೆ ಎರಡು ಗಂಟೆಯ ಅಂತರ ಸಾಕು. ಹಾಲು ಬೆರೆತ ಕಾಫಿ ಊಟದ ಲೆಕ್ಕಕ್ಕೆ ಸೇರುತ್ತದೆ. ಬೆಳಿಗ್ಗೆ ಐದು ಗಂಟೆಗೆ ಕಾಫಿಗಾಗಿ ಹಟ ಹಿಡಿಯುವ ಅಜ್ಜಿಗೆ ಯಾರಾದರೂ ಮರುಕದಿಂದ ಅರ್ಧ ಲೋಟ ಕೊಟ್ಟುಬಿಟ್ಟರೆ ಅಂದಿನ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಬಹುದು.

ಮಾತ್ರೆಗಳ ಡಬ್ಬ

ಚೀಟಿ ಸಾಲದು, ಮನೆಯಲ್ಲಿರುವ ಮಾತ್ರೆಗಳ ಡಬ್ಬವನ್ನೇ ಅರಿವಳಿಕೆ ತಜ್ಞರ ಮುಂದೆ ಇಡಬೇಕು. ಮೂಳೆ ವಿಭಾಗದಲ್ಲಿ ಮನೋರೋಗದ ಔಷಧಗಳ ಪರಿಚಯ ಕಡಿಮೆ ಇರುವುದು ಸಹಜ. ಆದುದರಿಂದ ಬರೆದುಕೊಟ್ಟ ಮನೋವೈದ್ಯರಿಗೂ ಅಂದೇ ಒಂದು ಫೋನು ಹೋಗಲಿ. ಲಿಥಿಯಂ ಸೇವಿಸುವವರಿಗೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯಿಂದಲೂ ದೇಹದ ನೀರಿನಂಶ ಇಂಗುವುದರಿಂದಲೂ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕ್ಲೋಜಪೀನ್ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣದಲ್ಲಿ ನೇರವಾಗಿ ಶುರುಮಾಡುವಂತಿಲ್ಲ, ಮತ್ತೆ ಕಡಿಮೆ ಪ್ರಮಾಣದಿಂದ ಏರಿಸಬೇಕು. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್‌ಗಳ ಜೊತೆ ಟ್ರಮಡಾಲ್ ಎಂಬ ನೋವಿನ ಮದ್ದು ಹೊಂದುವುದಿಲ್ಲ. ಪಾರ್ಕಿನ್ಸನ್ ಇರುವವರ ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗಬೇಕು, ಅವರಿಗೆ ವಾಂತಿಗೆ ಮೆಟೊಕ್ಲೋಪ್ರಮೈಡ್, ಗಲಾಟೆಗೆ ಹ್ಯಾಲೊಪೆರಿಡಾಲ್ ಕೊಡಬಾರದು. ಮರೆವಿಗೆ ಕೊಡುವ ಡೊನೆಪೆಜಿಲ್ ಸೇವಿಸುತ್ತಿದ್ದರೆ ಸ್ನಾಯು ಸಡಿಲಿಸುವ ಒಂದು ಔಷಧದ ಪರಿಣಾಮ ನಿರೀಕ್ಷೆಗಿಂತ ದೀರ್ಘವಾಗುತ್ತದೆ ಎಂಬುದು ಅರಿವಳಿಕೆ ತಜ್ಞರಿಗೆ ಗೊತ್ತು, ಆದರೆ ಮಾತ್ರೆಯ ವಿಷಯ ನೀವು ಹೇಳಿದರೆ ಮಾತ್ರ. ಫಿಟ್ಸ್ ಮಾತ್ರೆಯನ್ನು ಉಪವಾಸದ ಬೆಳಿಗ್ಗೆಯೂ ಒಂದು ಗುಟುಕು ನೀರಿನೊಂದಿಗೆ ಕೊಡಬೇಕೇ ಎಂದು ಕೇಳಿ. ಉತ್ತರ ಸಾಮಾನ್ಯವಾಗಿ ಹೌದು ಎಂದೇ ಇರುತ್ತದೆ. ದಿನವೂ ಮದ್ಯ ಸೇವಿಸುವ ಅಭ್ಯಾಸವಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ, ಅದು ಹಠಾತ್ತನೆ ನಿಂತಾಗ ಎರಡನೆಯ ಮೂರನೆಯ ದಿನ ಆಗುವ ಗಲಾಟೆಗೆ ಚಿಕಿತ್ಸೆಯೇ ಬೇರೆ.

ಇನ್ನೊಂದು ಎಚ್ಚರ. ತುರಿಕೆಗೋ ನಿದ್ದೆಗೋ ಎಂದು ವಾರ್ಡಿನಲ್ಲಿ ಸಲೀಸಾಗಿ ಕೊಡುವ ಏವಿಲ್, ಫೆನರ್ಗನ್ ಚುಚ್ಚುಮದ್ದುಗಳು ಮರೆವಿನ ಕಾಯಿಲೆಯವರ ಗೊಂದಲವನ್ನು ಹೆಚ್ಚಿಸುತ್ತವೆ. ಬೇರೆ ಔಷಧ ಇದೆಯೇ ಎಂದು ಸಿಸ್ಟರನ್ನು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಎರಡನೆಯ ರಾತ್ರಿ

ಶಸ್ತ್ರಚಿಕಿತ್ಸೆಯ ನಂತರದ ಮೊದಲ ಕೆಲವು ದಿನಗಳಲ್ಲಿ ಸನ್ನಿ ಹಿಡಿದಂತಾಗುವುದು ಈ ರೋಗಿಗಳಲ್ಲಿ ಬಹಳ ಸಾಮಾನ್ಯ. ಅದು ಮರೆವಿನ ಕಾಯಿಲೆ ಒಮ್ಮೆಲೇ ಉಲ್ಬಣಿಸಿದ್ದಲ್ಲ, ಮಿದುಳಿಗೆ ತಾತ್ಕಾಲಿಕವಾಗಿ ಬಂದ ಇನ್ನೊಂದು ಆಪತ್ತು. ಗಂಟೆಗಂಟೆಗೆ ಏರಿಳಿಯುತ್ತದೆ, ಸಂಜೆಯ ನಂತರ ಹೆಚ್ಚುತ್ತದೆ. ರಾತ್ರಿ ಎರಡು ಗಂಟೆಗೆ ಅತ್ತೆ ಎದ್ದು ಕುಳಿತು, ಹಸು ಕರೆಯುವ ಹೊತ್ತಾಯಿತೆಂದು ಡ್ರಿಪ್ಪಿನ ಸೂಜಿಯನ್ನು ಎಳೆಯತೊಡಗುತ್ತಾರೆ ಎಂದುಕೊಳ್ಳಿ. ಇದು ಆಸ್ಪತ್ರೆ, ಹಸು ಮಾರಿ ಇಪ್ಪತ್ತು ವರ್ಷವಾಯಿತು ಎಂದು ಸೊಸೆ ತಿದ್ದಲು ಹೋದರೆ ಜಗಳವಾಗುತ್ತದೆ. ದೀಪ ಹಾಕಿ, ಕನ್ನಡಕ ತೊಡಿಸಿ, ಕಣ್ಣಿಗೆ ಕಾಣುವಂತೆ ಎದುರಿಗೆ ಕುಳಿತು, "ಇನ್ನೂ ಬೆಳಕಾಗಿಲ್ಲ ಅತ್ತೆ, ನಾನು ಇಲ್ಲೇ ಇದ್ದೀನಿ, ಒಂದು ಗುಟುಕು ನೀರು ಕುಡೀರಿ" ಎಂದರೆ ಕೈ ಸಡಿಲವಾಗಬಹುದು. ಆಮೇಲೆ ಕಾರಣ ಹುಡುಕಬೇಕು. ಮೂತ್ರ ಕಟ್ಟಿದೆಯೇ, ಮೂರು ದಿನದಿಂದ ಮಲವಿಸರ್ಜನೆಯಾಗಿಲ್ಲವೇ, ನೋವಿನ ಮದ್ದಿನ ಹೊತ್ತು ಮೀರಿದೆಯೇ, ಜ್ವರವಿದೆಯೇ ಎಂದು ನೋಡಿ ಸಿಸ್ಟರಿಗೆ ಹೇಳಬೇಕು. ಆಮ್ಲಜನಕ ಮತ್ತು ರಕ್ತದ ಸೋಡಿಯಂ ಪರೀಕ್ಷಿಸುವುದು ವೈದ್ಯರಿಗೆ ಬಿಟ್ಟದ್ದು. ಕೈಕಾಲು ಕಟ್ಟಿಹಾಕುವುದು ಕೊಸರಾಟವನ್ನು ಹೆಚ್ಚಿಸುತ್ತದೆ. ಮೂತ್ರದ ಕೊಳವೆಯನ್ನು ಆದಷ್ಟು ಬೇಗ ತೆಗೆಸಿದರೆ ಎಳೆದಾಟಕ್ಕೆ ಒಂದು ಕಾರಣ ಕಡಿಮೆಯಾಗುತ್ತದೆ, ಸೋಂಕೂ ತಪ್ಪುತ್ತದೆ.

ಗಲಾಟೆ ಮಾಡುವ ಸನ್ನಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಸದ್ದಿಲ್ಲದೆ ಮಂಪರಿನಲ್ಲಿ ಬಿದ್ದಿರುವ ಸನ್ನಿಯನ್ನು, ಪಾಪ, ಸುಸ್ತಾಗಿ ಮಲಗಿದ್ದಾರೆ ಎಂದು ಬಿಟ್ಟುಬಿಡುತ್ತಾರೆ. ಅದೂ ಅಷ್ಟೇ ಅಪಾಯಕಾರಿ. ನೆನ್ನೆಯವರೆಗಿನ ಅವರ ಸ್ಥಿತಿ ಗೊತ್ತಿರುವುದು ಮನೆಯವರಿಗೆ ಮಾತ್ರವಾದ್ದರಿಂದ, "ಇವರು ಯಾವತ್ತೂ ಹೀಗಿರಲಿಲ್ಲ" ಎಂಬ ನಿಮ್ಮ ಮಾತನ್ನು ರೌಂಡ್ಸಿನ ವೈದ್ಯರಿಗೆ ಮುಟ್ಟಿಸಲೇಬೇಕು.

ಹಾಸಿಗೆಯ ತಲೆಭಾಗದಲ್ಲಿ ಒಂದು ಹಾಳೆ ಅಂಟಿಸಿ. ರೋಗಿ ಯಾವ ಹೆಸರಿಗೆ ಓಗೊಡುತ್ತಾರೆ, ಯಾವ ಕಿವಿ ಕೇಳಿಸುತ್ತದೆ, ಶೌಚಕ್ಕೆ ಹೋಗಬೇಕೆಂಬುದನ್ನು ಹೇಗೆ ಸೂಚಿಸುತ್ತಾರೆ, ಏನು ಹೇಳಿದರೆ ಸಮಾಧಾನವಾಗುತ್ತಾರೆ ಎಂಬುದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಿರಿ. ಬೆಂಗಳೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಮಲಯಾಳ ಅಥವಾ ಹಿಂದಿ ಮಾತಾಡುವ ದಾದಿಯರು ಅನೇಕರಿರುತ್ತಾರೆ. ಮರೆವು ಬಲಿತಂತೆ ರೋಗಿ ತುಳುವಿಗೋ ಕೊಂಕಣಿಗೋ, ತಾನು ಮೊದಲು ಕಲಿತ ಮಾತಿಗೆ, ಹಿಂದಿರುಗಿರುತ್ತಾರೆ. ನಾಲ್ಕೈದು ಪದಗಳ ಪಟ್ಟಿ ಕೊಟ್ಟರೆ ಅವರಿಗೂ ಉಪಕಾರವಾಗುತ್ತದೆ.

ಬಾಯಿ ಹೇಳದ ನೋವು

ನ್ಯೂಯಾರ್ಕಿನಲ್ಲಿ ನಡೆದು 2000ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೊಂಟ ಮುರಿದ ಬಲಿತ ಡಿಮೆನ್ಷಿಯಾ ರೋಗಿಗಳಿಗೆ, ಅದೇ ಮುರಿತವಿದ್ದು ಬುದ್ಧಿ ನೆಟ್ಟಗಿದ್ದವರಿಗೆ ಸಿಕ್ಕ ಮಾರ್ಫಿನ್ ವರ್ಗದ ಮದ್ದಿನ ಮೂರನೇ ಒಂದು ಭಾಗ ಮಾತ್ರ ಸಿಕ್ಕಿತ್ತು. ಕೇಳಿದವರಿಗೆ ಮದ್ದು, ಕೇಳಲಾರದವರಿಗೆ ಇಲ್ಲ ಎಂಬ ಸ್ಥಿತಿ ನಮ್ಮ ವಾರ್ಡುಗಳಲ್ಲಿಯೂ ಬರಬಾರದೆಂದರೆ, ಪ್ಯಾರಾಸಿಟಮಾಲ್‌ನಂಥದ್ದನ್ನು ನೋವೆಂದಾಗ ಕೊಡುವ ಬದಲು ಗಂಟೆಗೆ ಸರಿಯಾಗಿ ಕೊಡುವಂತೆ ಬರೆಯಿಸಿಕೊಳ್ಳಬೇಕು. ನೋವನ್ನು ಅಳೆಯಲು ಪೇನ್‌ಆ್ಯಡ್ ಎಂಬ ಅಳತೆ ಇದೆ. ಉಸಿರಾಟ, ನರಳಾಟ, ಮುಖಭಾವ, ಮೈಯ ಬಿಗಿತ, ಸಮಾಧಾನಪಡಿಸಿದರೆ ಶಾಂತವಾಗುವರೇ ಎಂಬ ಐದು ಅಂಶಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಟ್ಟು ಹತ್ತಕ್ಕೆ ಲೆಕ್ಕ ಹಾಕುತ್ತಾರೆ. ಹೊರಳಿಸುವಾಗ, ಕೂರಿಸುವಾಗ ನೋಡಿ ಅಂಕ ಕೊಡಬೇಕು. ಅಲುಗಾಡದೆ ಮಲಗಿರುವಾಗ ನೋಡಿದರೆ ನೋವಿಲ್ಲದಂತೆಯೇ ಕಾಣುತ್ತದೆ.

ಎಬ್ಬಿಸಿ ನಡೆಸುವುದು

ಬಹುತೇಕ ಅರೆ ಬದಲಾವಣೆಗಳಲ್ಲಿ ಮರುದಿನವೇ ಪೂರ್ತಿ ಭಾರ ಊರಿ ನಿಲ್ಲಿಸಬಹುದು. ಮರೆವಿನವರಿಗೆ ಇದೊಂದು ಅನುಕೂಲ, ಏಕೆಂದರೆ ಅರ್ಧ ಭಾರ ಊರಿ ಎಂಬ ಸೂಚನೆಯನ್ನು ಅವರು ಪಾಲಿಸಲಾರರು. ಫಿಸಿಯೊಥೆರಪಿಯವರು ದೀರ್ಘ ವಿವರಣೆ ಕೊಡದೆ "ಏಳಿ", "ಹಿಡ್ಕೊಳ್ಳಿ", "ಹೆಜ್ಜೆ" ಎಂದು ಒಂದೊಂದೇ ಮಾತಿನಲ್ಲಿ, ಪ್ರತಿದಿನ ಅದೇ ಹೊತ್ತಿಗೆ, ಸಾಧ್ಯವಾದರೆ ಒಬ್ಬರೇ ಬಂದು ಮಾಡಿಸುವುದು ಒಳಿತು. ವ್ಯಾಯಾಮ ಮಾಡಿ ಎಂದರೆ ಕದಲದವರು, ದೇವರ ಮನೆಗೆ ಹೋಗೋಣ, ಹೂ ಕೊಯ್ಯೋಣ ಎಂದರೆ ಎದ್ದು ಹೊರಡುತ್ತಾರೆ. ಪದ ಮರೆತರೂ ದೇಹದ ಹಳೆಯ ಅಭ್ಯಾಸಗಳು ಉಳಿದಿರುತ್ತವೆ, ಅವುಗಳನ್ನೇ ಬಳಸಿಕೊಳ್ಳಬೇಕು. ಮರೆವಿದೆ, ಇವರಿಗೆ ಫಿಸಿಯೊಥೆರಪಿ ವ್ಯರ್ಥ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಮನೆಯನ್ನು ಸಿದ್ಧಮಾಡುವುದು

ಸೊಂಟ 90 ಡಿಗ್ರಿಗಿಂತ ಹೆಚ್ಚು ಬಾಗಬಾರದು, ಕಾಲು ಅಡ್ಡಹಾಯಬಾರದು, ಪಾದ ಒಳಕ್ಕೆ ತಿರುಗಬಾರದು ಎಂಬ ನಿಯಮಗಳು ಮುಖ್ಯವಾಗಿ ಹಿಂಭಾಗದಿಂದ ತೆರೆದವರಿಗೆ. ಆರರಿಂದ ಹನ್ನೆರಡು ವಾರ ಪಾಲಿಸಲು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಇವನ್ನು ಮುರಿಯುವ ಅವಕಾಶಗಳು ಹೆಜ್ಜೆಹೆಜ್ಜೆಗೂ ಇವೆ. ಅರವತ್ತು ವರ್ಷ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಂಡವರು ಬಾಳೆಲೆ ಕಂಡ ಕೂಡಲೇ ನೆಲಕ್ಕೆ ಕೂರುತ್ತಾರೆ. ಚಾಪೆ, ಮಣೆ, ತಗ್ಗಾದ ದಿವಾನ, ಒರಗಿದರೆ ಮುಳುಗುವ ಸೋಫಾ ಇವನ್ನು ಕಣ್ಣಿಗೆ ಬೀಳದಂತೆ ಒಳಗಿಡಿ. ಮಂಡಿಗಿಂತ ತುಸು ಎತ್ತರವಿರುವ, ಕೈಗಳಿರುವ ಗಟ್ಟಿ ಕುರ್ಚಿಯನ್ನು ಅವರು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿಯೇ ಹಾಕಿ. ಕೂರುವ ಶೌಚಾಲಯವಿಲ್ಲದಿದ್ದರೆ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಕಮೋಡ್ ಕುರ್ಚಿಯನ್ನು ಡಿಸ್ಚಾರ್ಜಿನ ಹಿಂದಿನ ದಿನವೇ ತಂದಿಡಬೇಕು. ಕಮೋಡ್ ಇದ್ದರೂ ತಗ್ಗಾಗಿದ್ದರೆ ಅದರ ಮೇಲಿಡುವ ಎತ್ತರದ ಸೀಟು ಬೇಕು. ನೆಲದ ಶೌಚಾಲಯದ ಬಾಗಿಲಿಗೆ ಬೀಗ ಹಾಕಿಬಿಡುವುದು ಕ್ಷೇಮ. ಮಲಗುವಾಗ ಎರಡು ತೊಡೆಗಳ ನಡುವೆ ದಪ್ಪ ದಿಂಬು ಇಡಿ. ಅದನ್ನು ಕಿತ್ತೆಸೆಯುವವರಿಗೆ ಪಟ್ಟಿಯಿಂದ ನಿಲ್ಲುವ ದಿಂಬು ಸಿಗುತ್ತದೆ.

ಮುರಿತಕ್ಕೆ ಮೊದಲ ಕಾರಣವೇ ಬೀಳುವಿಕೆಯಾದ್ದರಿಂದ, ಹಾಸಿಗೆಯಿಂದ ಶೌಚಾಲಯದವರೆಗಿನ ದಾರಿಯಲ್ಲಿ ಕಾಲೊರಸು, ವಯರು, ಹೊಸ್ತಿಲ ಬಳಿಯ ನೀರು ಯಾವುದೂ ಇರಬಾರದು, ರಾತ್ರಿಯಿಡೀ ನೈಟ್ ಬಲ್ಬ್ ಉರಿಯಬೇಕು. ಬೀಳುವುದು ಹೆಚ್ಚಾಗಿ ಶೌಚಕ್ಕೆಂದು ಒಬ್ಬರೇ ಎದ್ದಾಗ. ಕೇಳುವವರೆಗೆ ಕಾಯದೆ ಎರಡು ಮೂರು ಗಂಟೆಗೊಮ್ಮೆ ನೀವೇ ಕರೆದುಕೊಂಡು ಹೋಗಿ. ಹಿಂಬದಿ ಬಿಗಿಯಿಲ್ಲದ ಹವಾಯಿ ಚಪ್ಪಲಿಯನ್ನು ಎಸೆದುಬಿಡಿ.

ಒಂದು ದಿನ ಇದ್ದಕ್ಕಿದ್ದಂತೆ ಕಾಲೂರಲು ಒಪ್ಪದೆ, ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿಕೊಂಡಿದ್ದರೆ ಕೀಲು ತಪ್ಪಿರಬಹುದು. ಎಳೆದು ಸರಿಮಾಡಲು ಹೋಗದೆ ಹಾಗೆಯೇ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು. ಗಾಯದಿಂದ ನೀರು ಸೋರುವುದು, ಜ್ವರ, ಒಂದು ಮೀನಖಂಡ ಮಾತ್ರ ಊದುವುದು, ಉಸಿರುಗಟ್ಟುವುದು ಇವಕ್ಕೂ ಮರುದಿನದವರೆಗೆ ಕಾಯುವಂತಿಲ್ಲ. ಹೊಲಿಗೆಯನ್ನು ಕೆರೆಯುವವರಿಗೆ ಗಾಯದ ಪಟ್ಟಿಯ ಮೇಲೆ ಉದ್ದ ಅಂಗಿಯೋ ಪೈಜಾಮವೋ ತೊಡಿಸಿ, ಕೈಗೆ ಮಡಿಸಲು ಟವೆಲ್, ಬಿಡಿಸಲು ಅವರೆಕಾಯಿ ಕೊಡಿ.

ಮುರಿತವಿಲ್ಲದೆ, ಸವೆತದಿಂದ ಬದಲಾಯಿಸುವಾಗ

ಇಲ್ಲಿ ಸಮಯವಿರುತ್ತದೆ, ಅದನ್ನು ಬಳಸಿಕೊಳ್ಳಬೇಕು. ಬೌದ್ಧಿಕ ಅಸಾಮರ್ಥ್ಯವಿರುವ ಯುವಕ ಯುವತಿಯರನ್ನು ಮೊದಲೇ ಒಂದೆರಡು ಸಲ ವಾರ್ಡಿಗೆ ಕರೆದೊಯ್ದು ಹಾಸಿಗೆ, ವಾಕರ್, ಮುಖಕ್ಕಿಡುವ ಆಮ್ಲಜನಕದ ಮಾಸ್ಕ್ ತೋರಿಸಿ, ಮನೆಯಲ್ಲಿ ವಾಕರ್ ಹಿಡಿದು ನಡೆಯುವ ಅಭ್ಯಾಸ ಮಾಡಿಸಿದರೆ ಅಂದಿನ ಭಯ ಎಷ್ಟೋ ಕಡಿಮೆಯಾಗುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಸೊಂಟದ ಕೀಲು ಚಿಕ್ಕ ವಯಸ್ಸಿನಲ್ಲೇ ಸವೆಯುವುದುಂಟು. ಅವರ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಬಂಧ ಸಡಿಲವಾಗಿರಬಹುದಾದ್ದರಿಂದ ಅರಿವಳಿಕೆಗೆ ಮುನ್ನ ಕುತ್ತಿಗೆಯ ಪರೀಕ್ಷೆಯಾಗಿದೆಯೇ ಎಂದು ವಿಚಾರಿಸಲೇಬೇಕು.

ಡಿಸ್ಚಾರ್ಜ್ ಆಗುವ ಮುನ್ನ ಮೂರು ವಿಷಯ ಬರೆಯಿಸಿಕೊಳ್ಳಿ: ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದು ಎಷ್ಟು ದಿನ, ಯಾವ ಯಾವ ಚಲನೆಗಳಿಗೆ ನಿರ್ಬಂಧ ಎಷ್ಟು ವಾರ, ಮೂಳೆ ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೊಪೊರೋಸಿಸ್) ಚಿಕಿತ್ಸೆ ಯಾವಾಗ. ಕೊನೆಯದು ಹೆಚ್ಚಾಗಿ ಬಿಟ್ಟುಹೋಗುತ್ತದೆ. ವಾರಕ್ಕೊಮ್ಮೆ ಬರಿಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕಾದ ಮಾತ್ರೆ ಇವರಿಗೆ ಆಗದು. ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೊಲೆಡ್ರಾನಿಕ್ ಆಮ್ಲ ಸೂಕ್ತವೇ ಎಂದು ಕೇಳಿ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಕೈಸೋತಾಗ ಹಿರಿಯರ ಸಹಾಯವಾಣಿ 14567, ಮನಸ್ಸಿಗೆ ಸಂಬಂಧಿಸಿದ್ದಕ್ಕೆ ಟೆಲಿ ಮನಸ್ 14416 ಇವೆ; ಎರಡಕ್ಕೂ ಕನ್ನಡದಲ್ಲಿಯೇ ಮಾತಾಡಬಹುದು.